ಆ ಹಳದಿ ಬಿಲ್ಲೆ ತೆಗೆದವನು ನಾನು

ನಾಗವೇಣಮ್ಮ, ನಿಮ್ಮ ಮಾವನವರ ಸ್ಪೀಕರುಗಳನ್ನು ಸುಟ್ಟಿದ್ದು ನೀವಲ್ಲ, ನಾನು. ಅವು ಸುಟ್ಟಾಗ ಹಾಡು ಹಾಕಿದ್ದವರು ನೀವು, ನಿಜ. ಆದರೆ ಸುಡುವ ಹಾಗೆ ಮಾಡಿಟ್ಟವನು ನಾನು—ಗೊತ್ತಿದ್ದೇ ಮಾಡಿಟ್ಟೆ. ಆಮೇಲೆ ತಪ್ಪು ನಿಮ್ಮ ತಲೆಗೆ ಬಂದಾಗ ಪಕ್ಕದಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ.

ಆಗ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ರಿಪೇರಿ ಅಂಗಡಿ. ಟೇಪ್ ರೆಕಾರ್ಡರುಗಳ ಕಾಲ ಮುಗಿದು, ಬರೀ ಸೀಡಿ ಪ್ಲೇಯರು, ಟೀವಿ ರಿಮೋಟು ಬಿಚ್ಚಿಕೊಂಡು ಕೂತಿರುತ್ತಿದ್ದೆ. ಅಂಥ ದಿನಗಳಲ್ಲಿ ನಿಮ್ಮ ಮಾವನವರ ಜಪಾನಿನ ಸ್ಪೀಕರುಗಳೆಂದರೆ ನನಗೊಂದು ಗೌರವ. ಅವರ ತಮ್ಮ ಕುವೈತಿನಿಂದ ಹಡಗಿನಲ್ಲಿ ಹಾಕಿಸಿ ತಂದದ್ದು. ಇಪ್ಪತ್ತು ವರ್ಷ ದಾಟಿದ್ದರೂ ಮರಕ್ಕೆ ಒಂದು ಗೀರಿರಲಿಲ್ಲ. ನಿಮ್ಮ ಮಾವ ನನಗೆ ಮೇಷ್ಟ್ರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ವಿದ್ಯುತ್ತು ಎಂದರೇನೆಂದು ಮೊದಲು ನನಗೆ ತಿಳಿಸಿದವರೇ ಅವರು.

"ಯಾಕೋ ಈಚೆಗೆ ಮಂಕಾಗಿಬಿಟ್ಟಿದೆ ಕಣೋ ವೆಂಕಟೇಶ. ತಾಳದ ಕಿಣಿಕಿಣಿ ಕೇಳಿಸೋದೇ ಇಲ್ಲ. ಏನಾಗಿದೆ ನೋಡು," ಒಂದು ದಿನ ಮನೆಗೆ ಕರೆಸಿ ಅಂದರು.

ನೋಡಿದೆ. ಏನೂ ಆಗಿರಲಿಲ್ಲ. ತಾಳ, ತಂಬೂರಿಯ ಝೇಂಕಾರ, ಹಾಡುವವರು ಉಸಿರೆಳೆಯುವ ಸದ್ದು—ಎಲ್ಲ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮಂಕಾಗಿದ್ದದ್ದು ಮೇಷ್ಟ್ರ ಕಿವಿ. ಎಪ್ಪತ್ತು ದಾಟಿದ ಮೇಲೆ ಕಿವಿಯಿಂದ ಮೊದಲು ಜಾರುವುದೇ ಅಂಥ ಸಣ್ಣ ಸ್ವರಗಳು. ಅದನ್ನು ಹೇಳಬೇಕಿತ್ತು. ವಿಜ್ಞಾನದ ಮೇಷ್ಟ್ರಿಗೆ ಅರ್ಥವಾಗುತ್ತಿತ್ತು ಕೂಡ. ಹೇಳದೆ ಇದ್ದದ್ದು ಕರುಣೆಯಿಂದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಕರುಣೆಯಲ್ಲ ಅದು. "ನನ್ನ ಕೈಲಿ ಆಗಲ್ಲ ಮೇಷ್ಟ್ರೇ" ಅನ್ನಲು ನನಗೆ ಇಷ್ಟವಿರಲಿಲ್ಲ, ಅಷ್ಟೆ.

ಪೆಟ್ಟಿಗೆಯ ಮೇಲ್ಭಾಗದಲ್ಲಿ ಸಣ್ಣ ಸ್ವರಗಳನ್ನಷ್ಟೇ ನುಡಿಸುವ ಪುಟ್ಟ ಸ್ಪೀಕರು ಒಂದಿರುತ್ತದೆ, ಟ್ವೀಟರ್. ಅದರೊಳಗಿನ ತಂತಿ ಕೂದಲಿಗಿಂತ ತೆಳು. ಅದಕ್ಕೆ ಹೋಗುವ ದಾರಿಯಲ್ಲಿ ತಯಾರಕರು ಹಳದಿ ಬಿಲ್ಲೆಯೊಂದನ್ನು ಕೂರಿಸಿದ್ದರು. ವಿದ್ಯುತ್ತು ಮಿತಿ ಮೀರಿದರೆ ಬಿಲ್ಲೆ ಬಿಸಿಯಾಗಿ ದಾರಿ ಮುಚ್ಚುತ್ತದೆ. ಆರಿದ ಮೇಲೆ ಮತ್ತೆ ಬಿಡುತ್ತದೆ. ಅದು ಇರಬೇಕೋ ಬೇಡವೋ ಎಂಬುದು ನಮ್ಮ ಕಸುಬಿನಲ್ಲಿ ಮುಗಿಯದ ಜಗಳ. ಚಿಂತಾಮಣಿಯ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಹುಡುಕಿ ಓದಿದೆ. ಯಾವ ಯಾವ ದೇಶದವರೋ ಬರೆದುಕೊಂಡಿದ್ದರು—ಅದನ್ನು ಕಿತ್ತು ತಂತಿಯನ್ನು ನೇರ ಜೋಡಿಸಿದರೆ ಸಂಗೀತದ ಮೇಲಿನ ಪರದೆ ಸರಿದಂತಾಗುತ್ತದೆ ಎಂದು ಕೆಲವರು. ಹಳೆಯ ಟ್ವೀಟರ್ ಸುಟ್ಟರೆ ಮತ್ತೆ ಸಿಗದು, ಮುಟ್ಟಬೇಡಿ ಎಂದು ಇನ್ನು ಕೆಲವರು. ನಾನು ನನಗೆ ಬೇಕಾದವರ ಮಾತನ್ನಷ್ಟೇ ತಲೆಗೆ ಹಾಕಿಕೊಂಡು ಎದ್ದು ಬಂದೆ.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದೆ ಎನ್ನಬಹುದಿತ್ತು. ಆದರೆ ನಾಗವೇಣಮ್ಮ, ಸ್ಪೀಕರುಗಳನ್ನು ಆಟೋಗೆ ಹೇರುವಾಗ ನೀವು ಬಂದು ಒಂದು ಮಾತು ಹೇಳಿದಿರಿ, ನಿಮಗೆ ನೆನಪಿದೆಯೋ ಇಲ್ಲವೋ.

"ಅಣ್ಣಾ, ಮಕ್ಕಳಿಗೆ ಡ್ಯಾನ್ಸ್ ಹೇಳ್ಕೊಡುವಾಗ ಒಂದೊಂದ್ಸಲ ಗೆಜ್ಜೆ ಸದ್ದು, ತಾಳದ ಸದ್ದು ಹಂಗೇ ನಿಂತೋಗುತ್ತೆ. ಆರಿಸಿ ಸ್ವಲ್ಪ ಹೊತ್ತು ಬಿಟ್ರೆ ತಾನೇ ಬರುತ್ತೆ. ಅದನ್ನೂ ನೋಡ್ಬಿಡಿ."

ಕೇಳಿದ ಕ್ಷಣವೇ ನನಗೆ ತಿಳಿಯಿತು. ಬಿಲ್ಲೆ ಕೆಲಸ ಮಾಡುತ್ತಿದೆ. ಭಾನುವಾರ ಭಾನುವಾರ ನಿಮ್ಮ ಡ್ಯಾನ್ಸ್ ಪಾಠದ ಹೊತ್ತಿನಲ್ಲಿ ಆ ಟ್ವೀಟರುಗಳನ್ನು ಕಾಯುತ್ತಿರುವುದೇ ಅದು. ತಿಳಿದೂ—"ಆಯ್ತಮ್ಮ, ಇನ್ಮೇಲೆ ಹಂಗೆ ನಿಲ್ಲಲ್ಲ ಬಿಡಿ" ಎಂದೆ. ಅಂಗಡಿಗೆ ಹೋಗಿ ಎರಡನ್ನೂ ಕಿತ್ತು ನೇರ ತಂತಿ ಬೆಸೆದೆ. ಯಾರಿಗೂ ಹೇಳಲಿಲ್ಲ.

ವ್ಯತ್ಯಾಸ ಇತ್ತೇ? ಇತ್ತು ಎಂದರೆ ಇತ್ತು, ಇಲ್ಲವೆಂದರೆ ಇಲ್ಲ. ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿ ಕೇಳಿ, "ಅಬ್ಬಾ, ಈಗ ಬಂತು ನೋಡೋ!" ಎಂದು ನನ್ನ ಬೆನ್ನು ತಟ್ಟಿದರು. ಅವರಿಗೆ ಕೇಳಿಸಿದ್ದು ತಾಳವೋ, ನನ್ನ ಮೇಲಿನ ನಂಬಿಕೆಯೋ, ನನಗೆ ಇಂದಿಗೂ ತಿಳಿಯದು.

ಮೂರು ವಾರವಾಗಿರಬೇಕು, ಹೇಳಿಕಳಿಸಿದರು. ಹೋದರೆ ಎರಡೂ ಟ್ವೀಟರುಗಳು ಸತ್ತಿದ್ದವು. ನಡುಮನೆಯಲ್ಲಿ ನಿಮ್ಮ ಗಂಡ ನಿಂತಿದ್ದರು. ಮೇಲೂರಿನಿಂದ ಬರುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಸೇರಿದಂತೆ ಎಂಟು ಜನ ನಾಟ್ಯದ ಮಕ್ಕಳು ಗೋಡೆಗೆ ಒರಗಿ ಕೂತಿದ್ದರು.

"ಹೆಂಗೋ ಸುಡ್ತು ಇದು?" ಮೇಷ್ಟ್ರು ಕೇಳಿದರು.

"ಸೌಂಡ್ ಜಾಸ್ತಿ ಇಟ್ಟಿದಾರೆ ಮೇಷ್ಟ್ರೇ."

ಅಷ್ಟೇ ನಾನು ಅಂದದ್ದು. ಸುಳ್ಳು ಎನ್ನುವ ಹಾಗಿಲ್ಲ—ಅದಕ್ಕೇ ಅದು ಸುಳ್ಳಿಗಿಂತ ಕೆಟ್ಟದ್ದು.

"ಯಾವಾಗ್ಲೂ ಇಡೋಷ್ಟೇ ಇಟ್ಟಿದ್ದೆ ಮಾವ," ಎಂದಿರಿ ನೀವು.

"ಹಂಗಾದ್ರೆ ಇವನು ಸುಳ್ಳು ಹೇಳ್ತಾನೇನಮ್ಮ?"

ನೀವು ನನ್ನ ಮುಖ ನೋಡಿದಿರಿ. ನಾನು ತಲೆ ತಗ್ಗಿಸಿ ಸ್ಕ್ರೂ ಬಿಗಿಯುತ್ತಿದ್ದೆ; ಅದಾಗಲೇ ಬಿಗಿಯಾಗಿತ್ತು. "ಇನ್ಮೇಲೆ ಈ ಮನೇಲಿ ಡ್ಯಾನ್ಸು ಗೀನ್ಸು ಬೇಡ" ಎಂದು ಮೇಷ್ಟ್ರು ಒಳಗೆ ಹೋದರು. ಮಕ್ಕಳು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಆ ಟ್ವೀಟರು ಬೆಂಗಳೂರಿನಲ್ಲೂ ಸಿಗಲಿಲ್ಲ. ಯಾವುದೋ ಸಾದಾ ಜೋಡಿ ತಂದು ಹಾಕಿದೆ. ತಗಡು ಬಡಿದ ಹಾಗಿದೆ ಎಂದು ಮೇಷ್ಟ್ರು ಹಾಡು ಕೇಳುವುದನ್ನೇ ಬಿಟ್ಟರು. ಒಂದೆರಡು ವರ್ಷಕ್ಕೆ ತೀರಿಕೊಂಡರು. ಅವರಿಗೆ ನಿಜ ಹೇಳುವ ಅವಕಾಶ ನನಗೆ ಎಷ್ಟು ಸಲ ಇತ್ತು! ಅವರು ಹಾಸಿಗೆ ಹಿಡಿದ ಮೇಲೂ ಎರಡು ಬಾರಿ ನೋಡಿ ಬಂದೆ. ಎರಡು ಬಾರಿಯೂ ಹವೆ, ಔಷಧಿ, ಊಟದ ಮಾತು—

ಆಮೇಲೆ ಒಂದು ದಿನ ಕೈವಾರಕ್ಕೆ ಹೋಗುವ ಬಸ್ಸಿನಲ್ಲಿ ನೀವು ಸಿಕ್ಕಿರಿ. ನನ್ನ ಮುಂದಿನ ಸೀಟು. ತಿರುಗಿ ನೋಡಿ ನಕ್ಕಿರಿ, ಅಂಗಡಿ, ಮನೆ, ಎಲ್ಲ ವಿಚಾರಿಸಿದಿರಿ. ನಾಟ್ಯ ಹೇಳಿಕೊಡುತ್ತೀರಾ ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಇಲ್ಲಣ್ಣ, ಅವತ್ತೇ ಬಿಟ್ಟೆ," ಎಂದಿರಿ. ಕಿಟಕಿಯ ಕಡೆ ತಿರುಗಿ ಅಂದಿರಿ, "ನಾನು ಸ್ವಲ್ಪ ಕಮ್ಮಿ ಇಡ್ಬೇಕಾಗಿತ್ತು, ಅಲ್ವಾ ಅಣ್ಣ? ಪಾಪ, ಮಾವನಿಗೆ ಇದ್ದದ್ದೇ ಅದೊಂದು ಸಂತೋಷ. ನನ್ನಿಂದ ಹೋಯ್ತು."

ನೀವೂ ನಂಬಿಬಿಟ್ಟಿದ್ದಿರಿ! ಅಂದು ಎಲ್ಲರ ಎದುರು ನಿಜ ಆಡಿದ್ದ ನೀವು, ಇಷ್ಟು ವರ್ಷದಲ್ಲಿ ಅದು ನಿಜವಲ್ಲ ಎಂದು ನಿಮಗೆ ನೀವೇ ಒಪ್ಪಿಸಿಕೊಂಡಿದ್ದಿರಿ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ. "ಹೋಗ್ಲಿ ಬಿಡಮ್ಮ, ಆಗಿದ್ದು ಆಯ್ತು" ಎಂದೆ. ನನ್ನ ತಪ್ಪಿಗೆ ನಿಮ್ಮನ್ನು ಕ್ಷಮಿಸಿದೆ, ನಾಗವೇಣಮ್ಮ. ಸ್ಪೀಕರು ಸುಟ್ಟದ್ದಕ್ಕಿಂತ ಆ ಒಂದು ಮಾತು ನನ್ನನ್ನು ಹೆಚ್ಚು ಸುಡುತ್ತದೆ.

ಕಾಗದ ಕಳಿಸಿ ಕೈ ತೊಳೆದುಕೊಳ್ಳುವ ಆಸೆ ಇತ್ತು; ಅದಕ್ಕೆಂದೇ ಬರೆಯಲು ಕೂತೆ. ಆದರೆ ತಪ್ಪು ಹೊರಿಸಿದ್ದು ನಾಲ್ಕು ಜನರ ಮುಂದೆ, ಇದನ್ನು ನೀವೊಬ್ಬರೇ ಓದಿ ಮಡಚಿಟ್ಟರೆ ಏನು ಬಂತು? ಅದಕ್ಕೇ ಈ ಕಾಗದದ ಹಿಂದೆಯೇ, ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ಗಂಡ ಇರುವ ಹೊತ್ತಿಗೇ ಬರುತ್ತೇನೆ, ಅವರೆದುರೇ ಹೇಳುತ್ತೇನೆ. ಮೇಲೂರಿನ ಆ ಹೆಣ್ಣುಮಕ್ಕಳು ಈಗ ಎಲ್ಲಿದ್ದಾರೆ ಎಂದು ಕೇಳಿಕೊಂಡು ಅವರಿಗೂ ಹೇಳುತ್ತೇನೆ. ಒಳಗೆ ಕರೆಯಬೇಡಿ, ಕಾಫಿ ಕೊಡಬೇಡಿ. ಹೇಳಿ ಮುಗಿಸಿದ ಮೇಲೆ ನೀವು ಏನು ಅಂದರೂ, ಏನೂ ಅನ್ನದೆ ಬಾಗಿಲು ಹಾಕಿಕೊಂಡರೂ, ಅದು ನನಗೆ ಸಲ್ಲಬೇಕಾದದ್ದೇ.