ಹೊಳೆ ದಾಟದ ಪತ್ರಿಕೆ

ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ನನ್ನ ಮೂಗಿಗೆ ಮೊದಲು ತಾಗುವುದು ಶಾಯಿಯ ವಾಸನೆ. ಸುದ್ದಿ ಆಮೇಲೆ. ನೀವು ನಗಬಹುದು, ಆದರೆ ಆ ವಾಸನೆಗೆ ಅರಂತೋಡಿನ ಮಾವನ ಚಾದಂಗಡಿಯೇ ನನ್ನ ಕಣ್ಣಿಗೆ ಕಟ್ಟುತ್ತದೆ.

ಅರುವತ್ತರ ದಶಕದ ಮಾತು. ಮಂಗಳೂರಿನಲ್ಲಿ ಅಚ್ಚಾದ ಪತ್ರಿಕೆ ಪುತ್ತೂರು, ಸುಳ್ಯ ಕಳೆದು ಬಸ್ಸಿನಲ್ಲಿ ನಮ್ಮಲ್ಲಿಗೆ ಬರುವಾಗ ಊಟದ ಹೊತ್ತು ಮೀರಿರುತ್ತಿತ್ತು. ಮಾವ ಅದರ ಏಜೆಂಟರೂ ಹೌದು, ವರದಿಗಾರರೂ ಹೌದು. ಪತ್ರಿಕೆಯ ಕಟ್ಟು ಇಳಿಸಿಕೊಂಡು, ಅದೇ ಬಸ್ಸು ಮಡಿಕೇರಿಯಿಂದ ಮರಳುವಾಗ ತಾವು ಬರೆದ ಸುದ್ದಿಯ ಲಕೋಟೆಯನ್ನು ಡ್ರೈವರನ ಕೈಗೆ ಕೊಡುತ್ತಿದ್ದರು. ಕೊಟ್ಟದ್ದು ಅಚ್ಚಾಗಿ ಹೇಗೆ ತಿರುಗಿ ಬರುತ್ತದೆ ಎನ್ನುವುದೇ ನನಗೆ ಸೋಜಿಗ. ಬಸ್ಸಿನೊಳಗೇ ಎಲ್ಲೋ ಅಚ್ಚಿನ ಯಂತ್ರ ಇದೆಯೆಂದು ಬಹಳ ಕಾಲ ನಂಬಿದ್ದೆ.

ನಮ್ಮ ಮನೆ ಹೊಳೆಯ ಆಚೆ. ನೀರಿನ ಮೇಲೆ ಅಡ್ಡ ಹಾಕಿದ ಅಡಿಕೆ ಮರದ ಪಾಲವೊಂದೇ ದಾರಿ, ಮಳೆಗಾಲದಲ್ಲಿ ಅದೂ ಕೊಚ್ಚಿಹೋಗುತ್ತಿತ್ತು. ಆ ವರ್ಷ ಅಕ್ಕ ಹೆರಿಗೆಗೆ ಬಂದಿದ್ದಳು, ದಿನ ತುಂಬಿತ್ತು. ಸುಳ್ಯದ ಆಸ್ಪತ್ರೆಗೆ ಸಾಗಿಸುವುದು ಹೇಗೆಂದು ಅಮ್ಮನಿಗೆ ಅನ್ನವೇ ಸೇರುತ್ತಿರಲಿಲ್ಲ. ಮಾವ ಪತ್ರಿಕೆಗೆ ಬರೆದರು, ಅಚ್ಚೂ ಆಯಿತು. ಆದರೆ ಹೊಳೆ ತುಂಬಿದ ಸುದ್ದಿಯ ಪತ್ರಿಕೆ, ಹೊಳೆ ತುಂಬಿದ್ದರಿಂದಲೇ ಮಾವನ ಅಂಗಡಿಯಲ್ಲಿ ಉಳಿಯಿತು.

ನೀರು ತುಸು ಇಳಿದದ್ದೇ, ಸುದ್ದಿ ಓದಿದ ಪುತ್ತೂರಿನ ಅಧಿಕಾರಿಯೊಬ್ಬರು ಪ್ಯಾಂಟು ಮಡಚಿ ಹೊಳೆಗಿಳಿದು ಬಂದರು. ಸುದ್ದಿ ಓದದ ನಮ್ಮವರು, ತೋಟದಾಚೆ ಸೊಪ್ಪು ಸೌದೆಗೆಂದು ಬಳಸುತ್ತಿದ್ದ ಕುಮ್ಕಿ ಜಾಗ ಅಳೆದು ಸರಕಾರಕ್ಕೆ ಸೇರಿಸಲು ಬಂದವರೆಂದೇ ತಿಳಿದರು. ಊರಿನ ತೊಂದರೆ ಏನೆಂದು ಅವರು ಕೇಳಿದರೆ ಅಜ್ಜ, "ತೊಂದರೆ ಎಂತದ್ದೂ ಇಲ್ಲ ಮಾರಾಯ್ರೆ. ಹೊಳೆಯಾ? ಅದನ್ನು ಮಕ್ಕಳೂ ದಾಟುದುಂಟು" ಎಂದುಬಿಟ್ಟರು.

ಒಳಗಿದ್ದ ಅಕ್ಕ ಸೊಂಟಕ್ಕೆ ಕೈಕೊಟ್ಟು ಜಗಲಿಗೆ ಬಂದಳು. "ಹಾಗಾದ್ರೆ ಅಜ್ಜ, ನನ್ನನ್ನು ಈಗಲೇ ದಾಟಿಸಿ, ನೋಡುವ."

ಅಧಿಕಾರಿ ಅಕ್ಕನನ್ನೂ ಹೊಳೆಯನ್ನೂ ನೋಡಿದರು. ಮರುದಿನ ದೋಣಿ ಬಂತು, ಅಕ್ಕ ಸುಳ್ಯದಲ್ಲೇ ಹೆತ್ತಳು. ಬೇಸಿಗೆಯಲ್ಲಿ ಪಾಲದ ಜಾಗದಲ್ಲಿ ಗಟ್ಟಿ ಸಂಕವೂ ಆಯಿತು.

ಮಾವ ವರದಿ ಬರೆದರು: ಗ್ರಾಮಸ್ಥರು ತಮ್ಮ ಸಂಕಷ್ಟವನ್ನು ಅಧಿಕಾರಿಗಳ ಗಮನಕ್ಕೆ ತಂದರು. ಅಕ್ಕ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನು ಎರಡೆರಡು ಸಲ ಓದಿದಳು.

"ಇದರಲ್ಲಿ ನಾನು ಎಲ್ಲಿದ್ದೇನೆ ಮಾವ?"

"ಗ್ರಾಮಸ್ಥರು ಅಂತ ಉಂಟಲ್ಲ, ಅದು ನೀನೇ."

ಅಕ್ಕ ನಗಲಿಲ್ಲ. ನನಗೆ ಮಾವನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಇವತ್ತಿನ ಒಳಪುಟದಲ್ಲೂ ಕಡಬದ ಕಡೆಯ ಗ್ರಾಮಸ್ಥರು ಏನನ್ನೋ ಒತ್ತಾಯಿಸಿದ್ದಾರೆ. ಒಂದೇ ಸಾಲು, ಹೆಸರಿಲ್ಲ. ಮೊದಲಾದರೆ ಪುಟ ಮಗುಚುತ್ತಿದ್ದೆ. ಈಗ ಕಾಫಿ ಆರಿದರೂ ಅಲ್ಲೇ ಕೂತಿದ್ದೇನೆ: ಎಲ್ಲರೂ ಸುಮ್ಮನಿದ್ದಾಗ ಮಾತಾಡಿದವಳು ಯಾರಿರಬಹುದು?