ಸಾಂಬ್ರಾಣಿ ಹೊಗೆಯ ಕಿಟಕಿ

ಸಾಂಬ್ರಾಣಿಯ ವಾಸನೆ ಮೂಗಿಗೆ ಬಡಿದಾಗ ನಾನು ಚಿಕ್ಕಲಸಂದ್ರದ ನಮ್ಮ ಹಳೆಯ ಬೀದಿಯಲ್ಲಿ ಆಫೀಸಿನವರ ಜೊತೆ ನಿಂತಿದ್ದೆ. ಕಳೆದ ಶನಿವಾರ ಸಂಜೆ ಎಲ್ಲರೂ ದೆವ್ವದ ಮನೆಗಳನ್ನು ನೋಡಲೆಂದು ಹೊರಟಿದ್ದೆವು. ನಮ್ಮನ್ನು ಕರೆತಂದಿದ್ದ ಗೈಡ್ ಬೀಗ ಹಾಕಿದ ಗೇಟಿನ ಮುಂದೆ ನಿಂತು, ಭಯ ಹುಟ್ಟಿಸಲೆಂದು ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದ. ತಲೆಯೆತ್ತಿ ನೋಡಿದರೆ ಅದು ನಮ್ಮ ಪಕ್ಕದ ಮನೆ ಆಂಟಿಯ ಮನೆ...

ನಾನು ಬಸುರಿಯಾಗುವ ಹೊತ್ತಿಗೆ ಅಮ್ಮ ಬದುಕಿರಲಿಲ್ಲ. ಸಂಬಂಧಿಯೇ ಅಲ್ಲದ ಆಂಟಿ ನನ್ನನ್ನು ತಮ್ಮ ಮಹಡಿಯ ಕೋಣೆಯಲ್ಲಿ ಇಟ್ಟುಕೊಂಡು ಬಾಣಂತನ ಮಾಡಿದರು. ಅವರ ಕೈ ಒರಟು, ನೀರು ಸುಡುಸುಡು. ನಾನು ಕಿರುಚಿದರೆ, "ಬಾಯ್ಮುಚ್ಕೊಂಡು ಕೂತ್ಕೊಳೇ, ಶೀತ ಆದ್ರೆ ನಿಮ್ಮಮ್ಮಂಗೆ ನಾನೇನು ಉತ್ತರ ಹೇಳ್ಲಿ?" ಎಂದು ಗದರುತ್ತಿದ್ದರು. ನೀರಿನ ಟ್ಯಾಂಕರ್ ಬರುವುದೇ ಮಧ್ಯಾಹ್ನ ಕಳೆದ ಮೇಲೆ, ಹಾಗಾಗಿ ಸ್ನಾನ ಮುಗಿಯುವಾಗ ಮುಸ್ಸಂಜೆ. ಕಿಟಕಿಯ ಬಳಿ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಸಾಂಬ್ರಾಣಿ ಹೊಗೆಗೆ ನನ್ನ ಕೂದಲು ಹರವುತ್ತಿದ್ದರು.

ಎದುರಿಗೆ ಹೊಸದಾಗಿ ಪಿ.ಜಿ. ಎದ್ದಿತ್ತು. ಅಲ್ಲಿಂದ ಯಾರೋ ಮೊಬೈಲಿನಲ್ಲಿ ನನ್ನ ವಿಡಿಯೋ ಹಿಡಿದು ಹಂಚಿದರು. ಬಿಳಿ ಹೊಗೆ, ಬಿಚ್ಚಿದ ಕೂದಲು, ಮಗುವಿನ ಅಳು... ನಾಲ್ಕೇ ದಿನದಲ್ಲಿ ನಾನು ಬಾಣಂತಿ ದೆವ್ವವಾದೆ. ಸಂಜೆಯಾದರೆ ದೆವ್ವ ನೋಡುವವರ ಬೈಕುಗಳು ಬರತೊಡಗಿದವು. ಆಂಟಿ ಗೇಟಿಗೆ ಹೋಗಿ, "ಮಗು ಮಲಗಿದೆ ಕಣ್ರಪ್ಪ, ಗಲಾಟೆ ಮಾಡ್ಬೇಡಿ" ಎಂದು ಬೇಡಿಕೊಂಡದ್ದೂ ಕಥೆಗೆ ಸೇರಿಹೋಯಿತು.

ನಿಜ ಹೇಳಿಬಿಡೋಣ ಎಂದೆ. ಆಂಟಿ ಒಪ್ಪಲಿಲ್ಲ. "ಊರೋರ ಕಣ್ಣೆಲ್ಲ ನಿನ್ನ ಮೇಲೆ, ಮಗು ಮೇಲೆ ಬೀಳುತ್ತೆ. ನನ್ನ ಮನೇನ ಏನಾದ್ರೂ ಅನ್ಕೊಳ್ಲಿ ಬಿಡು." ಬಾಣಂತಿಗೆ ದೃಷ್ಟಿ ತಾಗಬಾರದು, ಅವರಿಗೆ ಅಷ್ಟೇ.

ಮೂರು ತಿಂಗಳು ತುಂಬಿದ ಮೇಲೆ ನಾನು ಬಿಳೇಕಹಳ್ಳಿಯ ಗಂಡನ ಮನೆಗೆ ಹೋದೆ. ದೆವ್ವದ ಹೆಸರು ಮಾತ್ರ ಆಂಟಿಯ ಮನೆಗೆ ಅಂಟಿಕೊಂಡೇ ಉಳಿಯಿತು. ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆದರೂ ಬೀದಿಯ ಒಬ್ಬ ಹೆಂಗಸೂ ಬರಲಿಲ್ಲವಂತೆ. ಕೊನೆಗೆ ಆಂಟಿ ಬೀಗ ಹಾಕಿ ತಂಗಿಯ ಊರಿಗೆ ಹೋದರು. ಹೋದ ವರ್ಷ ಅಲ್ಲೇ ತೀರಿಕೊಂಡರು.

"ಆ ಬಾಣಂತೀನ ಸಾಯಿಸಿದ್ದೇ ಈ ಮನೆ ಮುದುಕಿ ಅಂತಾರೆ ಸಾರ್," ಎಂದ ಗೈಡ್. ಎಲ್ಲರೂ ಲೊಚಗುಟ್ಟಿದರು.

ಆ ಬಾಣಂತಿ ಅಲ್ಲೇ, ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಅವಳ ಮಗಳು ಈಗ ಐದನೇ ಕ್ಲಾಸು. "ನಾನು ಬದುಕಿದ್ದೀನಿ, ಅವರೇ ಸಾಕಿದ್ರು" ಎಂದು ಒಂದು ಮಾತು ಆಡಬಹುದಿತ್ತು. ಸೋಮವಾರ ಆಫೀಸಿನಲ್ಲಿ ನನ್ನನ್ನು ದೆವ್ವ ಎಂದು ಆಡಿಕೊಳ್ಳುತ್ತಾರೆ ಎನಿಸಿ ಬಾಯಿ ಕಟ್ಟಿತು. ಥೂ, ಅಷ್ಟಕ್ಕೇ! ಕ್ಷಮಿಸಿ ಎನ್ನಲು ಈಗ ಆಂಟಿಯೂ ಇಲ್ಲ.

ಹೊರಡುವ ಮುನ್ನ ಗೇಟಿನ ಮುಂದೆ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು. "ಮೇಡಂ, ಸ್ವಲ್ಪ ನಗ್ರಿ," ಎಂದ ಗೈಡ್. ಫೋಟೋ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿದೆ. ಆ ಕಿಟಕಿಯ ಕೆಳಗೆ ನಾನು ಚೆನ್ನಾಗಿಯೇ ನಕ್ಕಿದ್ದೇನೆ.