ರವಿಕೆ ಹೊಲಿಯುವವಳು ಚುಕ್ಕಾಣಿ ಹಿಡಿದದ್ದು

ರವಿಕೆಯಲ್ಲಿ ಅಲ್ಲಲ್ಲಿ ಬಟ್ಟೆಯನ್ನು ಒಂದಿಷ್ಟು ಚಿವುಟಿ, ಮಡಚಿ ಹೊಲಿಯುವುದುಂಟಲ್ಲ, ಅದಕ್ಕೆ ನಾವು ದರ್ಜಿಗಳು ಟಕ್ಸ್ ಅನ್ನುತ್ತೇವೆ. ಅದಿಲ್ಲದಿದ್ದರೆ ಎಂಥ ರೇಷ್ಮೆಯಾದರೂ ಬಿಗುಮಾನದಿಂದ ಚಪ್ಪಟೆಯಾಗಿ ನಿಂತುಬಿಡುತ್ತದೆಯೇ ಹೊರತು ಮೈಗೆ ಒಗ್ಗುವುದಿಲ್ಲ. ಉಪ್ಪಿನಂಗಡಿಯ ಪೇಟೆಯಲ್ಲಿ ಅರ್ಧ ಆಯುಷ್ಯವನ್ನು ಈ ಚಿವುಟುವ ಕೆಲಸದಲ್ಲೇ ಕಳೆದ ನನಗೆ, ಇದೇ ವಿದ್ಯೆ ಮುಂದೊಂದು ದಿನ ಗಾಳಿ ಹಿಡಿಯುವುದಕ್ಕೂ ಒದಗುತ್ತದೆಂದು ಯಾರಾದರೂ ಹೇಳಿದ್ದರೆ, ಅವರ ತಲೆಯ ಅಳತೆಯನ್ನು ತೆಗೆದುಕೊಂಡು ಒಂದು ಟೊಪ್ಪಿ ಹೊಲಿದು ಕಳಿಸುತ್ತಿದ್ದೆನೋ ಏನೋ.

ಆದದ್ದಿಷ್ಟು. ನೆರೆ ಬಂದ ವರ್ಷ ಪೇಟೆಯೊಳಗೆ ನೀರು ನುಗ್ಗಿದಾಗ ನಾವೆಲ್ಲ ಮಾಳಿಗೆಯ ಮೇಲೆ ನಿಂತು ಪರವೂರಿನ ದೋಣಿಗಾಗಿ ಕಾದವರು. ಎರಡು ನದಿಗಳು ಕೂಡುವ ಊರಿನಲ್ಲಿ ಹುಟ್ಟಿಯೂ ದೋಣಿ ನಡೆಸಲು ಬಾರದೆಂದರೆ ನಾಚಿಕೆಗೇಡೆಂದು ಆಮೇಲೆ ನಾಲ್ಕು ಮಂದಿ ಸೇರಿ, ಎರಡು ಹಳೆಯ ದೋಣಿಗಳನ್ನು ರಿಪೇರಿ ಮಾಡಿಸಿ, ಹುಟ್ಟು ಹಾಕುವುದನ್ನೂ ಹಾಯಿ ಬಿಡುವುದನ್ನೂ ಊರಿನವರಿಗೆ ಕಲಿಸುವ ಶಾಲೆಯೊಂದನ್ನು ಶುರುಮಾಡಿದರು. ಬೇಸಿಗೆಯಲ್ಲಿ ಕೆಳಗಿನ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ನೇತ್ರಾವತಿ ಕೆರೆಯಂತೆ ನಿಲ್ಲುತ್ತಾಳೆ; ಮಧ್ಯಾಹ್ನ ಕಳೆದರೆ ಕಡಲಿನ ಕಡೆಯಿಂದ ಗಾಳಿ ಏಳುತ್ತದೆ. ಹಾಯಿ ಹೊಲಿಯುವವರು ಯಾರೂ ಸಿಗದೆ ಅವರು ನನ್ನ ಅಂಗಡಿಗೆ ಬಂದು, ಬಟ್ಟೆಗೆ ಸ್ವಲ್ಪ ಹೊಟ್ಟೆ ಬರಬೇಕು, ಇಲ್ಲದಿದ್ದರೆ ಅದರಲ್ಲಿ ಗಾಳಿ ನಿಲ್ಲುವುದಿಲ್ಲ ಎಂದರು. ನಾನು ಟಕ್ಸ್ ಹಾಕಿಕೊಟ್ಟೆ.

ಹೊಲಿದದ್ದು ಹೇಗೆ ಕೂರುತ್ತದೆಂದು ನೋಡದೆ ಬಿಟ್ಟರೆ ದರ್ಜಿಗೆ ನಿದ್ದೆ ಬರುವುದಿಲ್ಲ. ಹಾಗೆ ನದಿಗೆ ಹೋದವಳು ಅಲ್ಲಿನ ಗುರುಗಳ ಪೂರ್ವಾಶ್ರಮ ಕೇಳಿ ನಕ್ಕು ಸುಸ್ತಾದೆ. ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವ ಅಬ್ಬಾಸಾಕ ಗಲ್ಫಿನ ಸರಕು ಹಡಗಿನಲ್ಲಿ ಇದ್ದದ್ದೇನೋ ನಿಜ, ಆದರೆ ಅಡುಗೆಯವರಾಗಿ. ಮೀನು ಹುರಿಯುವಾಗ ಹೊಗೆ ಮುಖಕ್ಕೆ ಬಡಿಯದಂತೆ ಯಾವ ಮಗ್ಗುಲಲ್ಲಿ ನಿಲ್ಲಬೇಕೆಂದು ನೋಡಿ ನೋಡಿಯೇ ಅವರಿಗೆ ಗಾಳಿಯ ಬುದ್ಧಿ ತಿಳಿದದ್ದು. ಚುಕ್ಕಾಣಿ ಕಲಿಸುವ ಶೀನಣ್ಣ ಸುಬ್ರಹ್ಮಣ್ಯಕ್ಕೆ ಬಸ್ಸು ಓಡಿಸಿ ನಿವೃತ್ತರಾದವರು. ಸ್ಟೇರಿಂಗನ್ನು ತಿರುಗಿಸಿದ ಕಡೆಗೇ ಬಸ್ಸು ತಿರುಗುತ್ತದೆ. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಮೊದಲ ವಾರ ಅವರು ದೋಣಿಯನ್ನು ನೆಟ್ಟಗೆ ಬಿದಿರಿನ ಮೆಳೆಗೆ ನುಗ್ಗಿಸುತ್ತ, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತಿ ಒತ್ತಿ ಹುಡುಕಿದ್ದನ್ನು ದಡದಲ್ಲಿದ್ದವರೆಲ್ಲ ನೋಡಿದ್ದಾರೆ. ಆದರೆ ಹೊಸಬರ ಕೈ ಎಲ್ಲಿ ತಪ್ಪುತ್ತದೆಂಬುದು ಆ ಕಾರಣದಿಂದಲೇ ಅವರಿಗೆ ಮೊದಲೇ ಗೊತ್ತಾಗುತ್ತದೆ. ಅವರಿಂದ ಕಲಿತ ಯಾರೂ ಇದುವರೆಗೆ ಬಿದಿರಿನ ಸುದ್ದಿಗೆ ಹೋಗಿಲ್ಲ.

ಮನುಷ್ಯನ ಹಿನ್ನೆಲೆ ಎಂದರೆ ಫೋಟೋ ಸ್ಟುಡಿಯೋದಲ್ಲಿ ಬೆನ್ನ ಹಿಂದೆ ಇಳಿಬಿಡುವ ಪರದೆಯಂತೆ ಎಂದು ನಾವು ಭಾವಿಸಿರುತ್ತೇವೆ. ಅದರಲ್ಲಿ ಅರಮನೆಯೋ ಹೂದೋಟವೋ ಇರಬೇಕು, ಸುಕ್ಕು ಕಾಣಬಾರದು. ಇವರಿಬ್ಬರ ಜೊತೆ ಓಡಾಡಿದ ಮೇಲೆ ನನಗೆ ಬೇರೆಯೇ ಅನ್ನಿಸತೊಡಗಿತು. ಮನುಷ್ಯ ಹಳೆಯ ಕೆಲಸವನ್ನು ಬಿಟ್ಟು ಬಂದರೂ ಅದು ಅವನ ಕೈಯಲ್ಲೋ ಕಾಲಲ್ಲೋ ಮೂಗಿನಲ್ಲೋ ಸದ್ದಿಲ್ಲದೆ ಉಳಿದಿದ್ದು, ಕರೆಯದಿದ್ದರೂ ಹೊಸ ಕೆಲಸಕ್ಕೆ ಹಾಜರಾಗುತ್ತದೆ. ಕೆಲವೊಮ್ಮೆ ಉಪಕಾರ ಮಾಡುತ್ತದೆ, ಕೆಲವೊಮ್ಮೆ ಬಿದಿರಿಗೆ ಗುದ್ದಿಸುತ್ತದೆ. ನೀವೂ ನಿಮ್ಮ ಕೈಕಾಲುಗಳನ್ನು ಒಮ್ಮೆ ವಿಚಾರಿಸಿ ನೋಡಿ.

ನೋಡುತ್ತ ನೋಡುತ್ತ ನಾನೂ ಕಲಿತೆ. ಆದರೆ ಹೆಂಗಸರ ತರಗತಿಗೆ ಹೆಸರು ಕೊಟ್ಟಿದ್ದವರೆಲ್ಲ ದಡದವರೆಗೆ ಬಂದು, ದೋಣಿ ಅಲುಗಾಡುವುದನ್ನು ನೋಡಿ, ಮನೆಯಲ್ಲಿ ಕೆಲಸ ಉಂಟೆಂದು ತಿರುಗಿ ಹೋಗುತ್ತಿದ್ದರು. ನೆರೆ ಬಂದಾಗ ಮಕ್ಕಳನ್ನೂ ಅತ್ತೆಯಂದಿರನ್ನೂ ಕಟ್ಟಿಕೊಂಡು ಮಾಳಿಗೆಯಲ್ಲಿ ನಿಲ್ಲುವವರು ಅವರೇ. ಮಳೆಗೆ ಮುಂಚೆ ಅವರು ಕಲಿಯದಿದ್ದರೆ ಶಾಲೆ ಇದ್ದೂ ಪ್ರಯೋಜನವಿಲ್ಲ ಎಂಬ ಚಿಂತೆ ನಮ್ಮೆಲ್ಲರನ್ನೂ ಹಿಡಿಯಿತು.

“ನೀವು ಕಲಿಸಿ ಅಕ್ಕ,” ಎಂದರು ಅಬ್ಬಾಸಾಕ. “ನೀವಾದ್ರೆ ಅವ್ರು ಬರ್ತಾರೆ.”

“ಎಂತ ಹೇಳುದು ಮಾರಾಯ್ರೆ! ನಂಗೆ ಈಗ್ಲೂ ನೀರು ಕಂಡ್ರೆ ಹೆದ್ರಿಕೆ.”

“ನಂಗೆ ಈಗ್ಲೂ ಬ್ರೇಕ್ ಸಿಗುದಿಲ್ಲ,” ಎಂದರು ಶೀನಣ್ಣ. “ನಾನು ಕಲಿಸುದಿಲ್ವಾ?”

ನನ್ನ ಮಾತು ಬಿಂಕದ್ದಲ್ಲ. ನೆರೆಯ ದಿನ ನನ್ನನ್ನು ಮಾಳಿಗೆಯಿಂದ ಇಳಿಸಿದ ದೋಣಿಯವರ ಅಂಗಿಯನ್ನು ಭಯದಿಂದ ಹಿಡಿದು ತೋಳಿನವರೆಗೆ ಹರಿದುಹಾಕಿದ್ದೆ. ಆಮೇಲೆ ನಾನೇ ಹೊಲಿದುಕೊಡಬೇಕಾಯಿತು. ಅಡುಗೆಯವರಿಗೆ ಗಾಳಿ ಗೊತ್ತು, ಡ್ರೈವರಿಗೆ ತಿರುವು ಗೊತ್ತು, ನನ್ನ ಹತ್ತಿರ ಇರುವುದು ಹೆದರಿಕೆಯೊಂದೇ. ಅದನ್ನು ಇಟ್ಟುಕೊಂಡು ಯಾರಿಗೆ ಏನು ಕಲಿಸುವುದು ಎಂದು ಸಂಕಟಪಡುತ್ತಲೇ ಒಪ್ಪಿಕೊಂಡೆ.

ಮೊದಲ ದಿನ ಲೈಫ್ ಜಾಕೆಟ್ ಹಾಕಿಕೊಂಡು ಚುಕ್ಕಾಣಿಯ ಹತ್ತಿರ ಕುಳಿತೆ. ದಡದಲ್ಲಿ ಹೆಂಗಸರ ಗುಂಪು. ಬೇಕರಿ ನಡೆಸುವ ಸಫಿಯಾ ಮಾತ್ರ ಮುಂದೆ ಬಂದು, ಒಂದು ಕಾಲನ್ನು ದೋಣಿಯಲ್ಲಿಟ್ಟು, ಅದು ಬಾಗಿದ್ದೇ ತಡ ಹಾಗೇ ನಿಂತುಬಿಟ್ಟಳು.

“ಅಕ್ಕ, ನಿಮಗೆ ಹೆದ್ರಿಕೆ ಇಲ್ವಾ?”

ಏನೂ ಇಲ್ಲ ಬಾ ಎನ್ನುವ ಮಾತನ್ನು ಹಿಂದಿನ ದಿನದಿಂದಲೇ ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಅವಳ ಕಣ್ಣು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದ ನನ್ನ ಕೈಯ ಮೇಲಿತ್ತು.

“ಉಂಟು,” ಎಂದೆ. “ತುಂಬಾ ಉಂಟು.”

ಅವಳು ಇನ್ನೊಂದು ಕಾಲನ್ನೂ ಒಳಗಿಟ್ಟು ನನ್ನ ಪಕ್ಕದಲ್ಲಿ ಕುಳಿತಳು.

“ಹಾಗಾದ್ರೆ ನೀವು ಮೆಲ್ಲ ಬಿಡ್ತೀರಿ,” ಎಂದವಳೇ ದಡದ ಕಡೆಗೆ ತಿರುಗಿ ಗಟ್ಟಿಯಾಗಿ ಕೂಗಿದಳು, “ಬನ್ನಿ ಮಾರಾಯ್ರೆ, ಇವ್ರಿಗೂ ಹೆದ್ರಿಕೆ ಉಂಟಂತೆ!”

ದಡವೆಲ್ಲ ನಕ್ಕಿತು. ನಗುತ್ತಲೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಒಬ್ಬರ ಕೈಯನ್ನು ಒಬ್ಬರು ಹಿಡಿದು ಇಳಿದು ಬಂದರು. ನನಗೆ ಅಳು ಬಂತು, ಸಂತೋಷಕ್ಕೆ. ದೋಣಿಯಲ್ಲಿ ಜಾಗ ಸಾಲದೆ ಉಳಿದ ಇಬ್ಬರಿಗೆ, ಇಷ್ಟು ವರ್ಷ ಗಿರಾಕಿಗಳಿಗೆ ಹೇಳಿ ಹೇಳಿ ಬೈಸಿಕೊಂಡ ಮಾತನ್ನೇ ಹೇಳಬೇಕಾಯಿತು: “ನಾಳೆ ಬನ್ನಿ.”

ಅವರು ಬಂದರು.